ಎಂಟು ವೃತ್ತಗಳು: ಮಹಾವೀರಾಚಾರ್ಯನ ಕ್ಷೇತ್ರಗಣಿತದಲ್ಲಿ ವಕ್ರಾಕೃತಿಗಳ ನಾಮಕರಣ ಮತ್ತು ವರ್ಗೀಕರಣ

ಸರಳರೇಖೆಗಳಿಂದ ಆವೃತವಾದ ಆಕೃತಿಗಳಿಗೆ ಹೆಸರಿಡುವುದು ಕಷ್ಟದ ಕೆಲಸವಲ್ಲ. ಬಾಹುಗಳನ್ನು ಎಣಿಸಿದರೆ ತ್ರಿಭುಜ, ಚತುರ್ಭುಜ, ಪಂಚಭುಜ ಎಂದು ಹೆಸರು ತಾನಾಗಿ ದೊರೆಯುತ್ತದೆ. ಬಾಹುಗಳನ್ನು ಪರಸ್ಪರ ಹೋಲಿಸಿದರೆ ಸಮ, ದ್ವಿಸಮ, ವಿಷಮ ಎಂಬ ಉಪಭೇದಗಳೂ ಸಿದ್ಧವಾಗುತ್ತವೆ. ಅಂಚು ಬಾಗಿದೊಡನೆ ಈ ಸೌಕರ್ಯ ಇಲ್ಲವಾಗುತ್ತದೆ. ವಕ್ರರೇಖೆಯಲ್ಲಿ ಎಣಿಸತಕ್ಕ ಬಾಹುವಿಲ್ಲ, ಹೋಲಿಸತಕ್ಕ ಕೋನವಿಲ್ಲ. ಹಾಗಾದರೆ ಬಾಗಿದ ಅಂಚಿನ ಆಕೃತಿಗಳನ್ನು ಯಾವ ಆಧಾರದ ಮೇಲೆ ಬೇರೆಬೇರೆಯೆಂದು ಗುರುತಿಸಬೇಕು, ಯಾವ ಹೆಸರಿನಿಂದ ಕರೆಯಬೇಕು ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಗೆ ಭಾರತೀಯ ಗಣಿತಗ್ರಂಥಗಳಲ್ಲಿ ದೊರೆಯುವ ವಿಸ್ತೃತವಾದ ಉತ್ತರಗಳಲ್ಲೊಂದು ಕರ್ನಾಟಕದ ನೆಲದಲ್ಲಿ, ರಾಷ್ಟ್ರಕೂಟರ ಆಳಿಕೆಯಲ್ಲಿ ರಚಿತವಾದ ಗಣಿತಸಾರಸಂಗ್ರಹದಲ್ಲಿದೆ.

ಮಹಾವೀರಾಚಾರ್ಯನು ಈ ಗ್ರಂಥವನ್ನು ಸಂಸ್ಕೃತ ಪದ್ಯಗಳಲ್ಲಿ ಕ್ರಿ.ಶ. 850ರ ಸುಮಾರಿಗೆ ರಚಿಸಿದನೆಂದು ವಿದ್ವಾಂಸರು ನಿರ್ಧರಿಸಿದ್ದಾರೆ. ಆರಂಭದಲ್ಲಿಯೇ ಅಮೋಘವರ್ಷ ನೃಪತುಂಗನ (814–878) ಪ್ರಶಂಸೆ ಇರುವುದರಿಂದ ಕಾಲದ ವಿಷಯದಲ್ಲಿ ಹೆಚ್ಚಿನ ಚರ್ಚೆಗೆ ಎಡೆಯಿಲ್ಲ. ಕನ್ನಡದ ಮೊದಲ ಲಕ್ಷಣಗ್ರಂಥವಾದ ಕವಿರಾಜಮಾರ್ಗದೊಡನೆ ಸೇರಿರುವ ಹೆಸರೂ ಇದೇ ಅರಸನದು. ಕಾವ್ಯದ ಗುಣದೋಷಗಳನ್ನೂ ಅಲಂಕಾರಗಳನ್ನೂ ಹೆಸರಿಟ್ಟು ವಿಂಗಡಿಸುವ ಆಸಕ್ತಿ ಪ್ರಬಲವಾಗಿದ್ದ ಕಾಲದಲ್ಲಿಯೇ ಕ್ಷೇತ್ರಗಳನ್ನು ಹೆಸರಿಟ್ಟು ವಿಂಗಡಿಸುವ ಈ ಕೃತಿಯೂ ಹುಟ್ಟಿತೆಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು. ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದ ಮತ್ತು ಟಿಪ್ಪಣಿಗಳೊಡನೆ ಸಂಪಾದಿಸಿ 1912ರಲ್ಲಿ ಮದರಾಸಿನ ಸರ್ಕಾರಿ ಮುದ್ರಣಾಲಯದಿಂದ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ ಮತ್ತು ಟಿಪ್ಪಣಿಗಳನ್ನೊಳಗೊಂಡ ಆವೃತ್ತಿಯು ಹೊಂಬುಜದಿಂದ 2000ರಲ್ಲಿ ಪ್ರಕಟವಾಯಿತು.

ಗ್ರಂಥದ ಏಳನೆಯ ಅಧ್ಯಾಯವೇ ಕ್ಷೇತ್ರಗಣಿತವ್ಯವಹಾರ. ಇದರಲ್ಲಿ ನಾಲ್ಕು ಭಾಗಗಳಿವೆ: ವ್ಯಾವಹಾರಿಕ, ಸೂಕ್ಷ್ಮ, ಜನ್ಯ ಮತ್ತು ಪೈಶಾಚಿಕ. ಪೈಶಾಚಿಕವೆಂದರೆ ಪಿಶಾಚಿಯಂತೆ ಕಾಡುವ ಲೆಕ್ಕಗಳು. ಗಣಿತಜ್ಞನಿಗೂ ವಿನೋದವಿದ್ದಿತು ಎಂಬುದಕ್ಕೆ ಈ ಹೆಸರೇ ಸಾಕ್ಷಿ. ಪ್ರಸ್ತುತ ವಿಷಯಕ್ಕೆ ಬೇಕಾದವು ಮೊದಲೆರಡು ಭಾಗಗಳು. ಒಂದೇ ಆಕೃತಿಯನ್ನು ಮೊದಲು ಲೋಕವ್ಯವಹಾರಕ್ಕೆ ಸಾಕಾಗುವಷ್ಟು ಸ್ಥೂಲವಾಗಿಯೂ ಬಳಿಕ ಸೂಕ್ಷ್ಮವಾಗಿಯೂ ಅಳೆಯುವ ವಿಧಾನಗಳು ಇವುಗಳಲ್ಲಿವೆ. ಆರಂಭದ ಪದ್ಯಗಳಲ್ಲಿ ಆಚಾರ್ಯನು ಸಮತಲ ಕ್ಷೇತ್ರಗಳನ್ನು ತ್ರಿಭುಜ, ಚತುರ್ಭುಜ, ವೃತ್ತ ಎಂದು ಮೂರಾಗಿ ವಿಭಾಗಿಸಿ, ಕ್ರಮವಾಗಿ ಮೂರು, ಐದು, ಎಂಟು ಭೇದಗಳನ್ನು ಹೇಳುತ್ತಾನೆ. ಉಳಿದೆಲ್ಲವೂ ಈ ಹದಿನಾರರ ಪ್ರಭೇದಗಳೇ ಎಂಬುದು ಅವನ ಪ್ರತಿಜ್ಞೆ. ವೃತ್ತದ ಎಂಟು ಭೇದಗಳು ಇವು: ಸಮವೃತ್ತ, ಅರ್ಧವೃತ್ತ, ಆಯತವೃತ್ತ, ಕಂಬುಕವೃತ್ತ, ನಿಮ್ನವೃತ್ತ, ಉನ್ನತವೃತ್ತ, ಬಹಿಶ್ಚಕ್ರವಾಲವೃತ್ತ, ಅಂತಶ್ಚಕ್ರವಾಲವೃತ್ತ.

ಮೊದಲ ನೋಟಕ್ಕೆ ಈ ಪಟ್ಟಿ ವಿಚಿತ್ರವಾಗಿ ತೋರುತ್ತದೆ. ತ್ರಿಭುಜ, ಚತುರ್ಭುಜಗಳ ಭೇದಗಳಲ್ಲಿ ಒಂದೇ ಆಧಾರವಿದೆ, ಅದು ಬಾಹುಗಳ ಸಮತೆ. ವೃತ್ತಗಳ ಪಟ್ಟಿಯಲ್ಲಿ ಅಂತಹ ಏಕಸೂತ್ರತೆ ಕಾಣುವುದಿಲ್ಲ. ಅರ್ಧವೃತ್ತವು ವೃತ್ತದ ಒಂದು ತುಂಡು. ನಿಮ್ನ ಮತ್ತು ಉನ್ನತಗಳು ಸಮತಲದ ಆಕೃತಿಗಳೇ ಅಲ್ಲ. ಎರಡು ಚಕ್ರವಾಲಗಳು ಆಕಾರದಲ್ಲಿ ಒಂದೇ ಆಗಿವೆ. ಇದನ್ನು ಕಂಡು ವರ್ಗೀಕರಣವು ಅಶಿಸ್ತಿನಿಂದ ಕೂಡಿದೆಯೆಂದು ತೀರ್ಮಾನಿಸುವುದು ಸುಲಭ. ಆದರೆ ಪ್ರತಿಯೊಂದು ಹೆಸರಿನ ಹಿಂದಿರುವ ಸೂತ್ರವನ್ನು ಜೊತೆಯಲ್ಲಿಟ್ಟು ಓದಿದಾಗ ಬೇರೊಂದು ಚಿತ್ರ ಮೂಡುತ್ತದೆ. ಮಹಾವೀರಾಚಾರ್ಯನು ಆಕಾರಗಳನ್ನು ವರ್ಗೀಕರಿಸುತ್ತಿಲ್ಲ, ಅಳತೆಯ ವಿಧಾನಗಳನ್ನು ವರ್ಗೀಕರಿಸುತ್ತಿದ್ದಾನೆ. ಅಳೆಯುವವನ ಕೈಯಲ್ಲಿ ಯಾವ ಮಾನ ಇದೆ, ಅದರಿಂದ ಫಲವನ್ನು ಯಾವ ದಾರಿಯಲ್ಲಿ ಪಡೆಯಬೇಕು ಎಂಬುದೇ ಹೆಸರನ್ನು ನಿರ್ಧರಿಸುತ್ತದೆ. ಈ ಮಾತು ಎಲ್ಲಿ ಸಲ್ಲುತ್ತದೆ, ಎಲ್ಲಿ ಆಚಾರ್ಯನನ್ನೇ ತೊಡಕಿಗೆ ಸಿಲುಕಿಸುತ್ತದೆ ಎಂಬುದನ್ನು ಪರಿಶೀಲಿಸಬೇಕಾಗಿದೆ.

ಸಮವೃತ್ತದ ನಿಯಮ ಸರಳವಾದುದು. ವ್ಯಾವಹಾರಿಕದಲ್ಲಿ ವ್ಯಾಸದ ಮೂರರಷ್ಟು ಪರಿಧಿ. ಸೂಕ್ಷ್ಮದಲ್ಲಿ ವ್ಯಾಸವನ್ನು 10ರ ವರ್ಗಮೂಲದಿಂದ ಗುಣಿಸಿದರೆ ಪರಿಧಿ. ಪರಿಧಿಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸಿದರೆ ಕ್ಷೇತ್ರಫಲ. 10ರ ವರ್ಗಮೂಲವು ಸುಮಾರು 3.162; ನಿಜವಾದ ಮಾನ 3.1416. ಆರ್ಯಭಟನು ಕ್ರಿ.ಶ. 499ರಲ್ಲಿಯೇ 62832ಕ್ಕೆ 20000 ಎಂಬ ಉತ್ತಮ ಮಾನವನ್ನು ಕೊಟ್ಟಿದ್ದರೂ ಜೈನಪರಂಪರೆ 10ರ ವರ್ಗಮೂಲವನ್ನು ಬಿಡಲಿಲ್ಲ. ಅರ್ಧವೃತ್ತದ ಫಲ ಸಮವೃತ್ತದ ಅರ್ಧ. ಇಲ್ಲಿ ಗಮನಿಸಬೇಕಾದುದು ‘ಪರಿಧಿ ಗುಣಿಸು ವ್ಯಾಸದ ಕಾಲು’ ಎಂಬ ನಿಯಮವನ್ನು. ಎಂಟು ಹೆಸರುಗಳನ್ನು ಒಂದೇ ದಾರದಲ್ಲಿ ಪೋಣಿಸಿರುವುದು ಈ ನಿಯಮವೇ. ವ್ಯಾಸವೆಂಬ ಒಂದು ಅಳತೆಯಿಂದ ಹೊರಟು, ಸುತ್ತಳತೆಯ ಮೂಲಕ ಫಲವನ್ನು ತಲುಪಬಹುದಾದವೆಲ್ಲ ವೃತ್ತಗಳು.

ಚಕ್ರವಾಲಗಳ ವಿಷಯದಲ್ಲಿ ಇದು ಸ್ಪಷ್ಟವಾಗುತ್ತದೆ. ಎರಡು ಏಕಕೇಂದ್ರೀಯ ವೃತ್ತಗಳ ನಡುವಿನ ಬಳೆಯಾಕಾರದ ಪಟ್ಟಿಯೇ ಚಕ್ರವಾಲ. ಇಂದಿನ ರೇಖಾಗಣಿತಕ್ಕೆ ಅದು ಒಂದೇ ಆಕೃತಿ. ಮಹಾವೀರಾಚಾರ್ಯನಿಗೆ ಅವು ಎರಡು, ಏಕೆಂದರೆ ವ್ಯಾಸವನ್ನು ಒಳಗಿನ ವೃತ್ತಕ್ಕೆ ಅಳೆದಿದ್ದರೆ ಪಟ್ಟಿಯು ಅದರ ಹೊರಕ್ಕೆ ಚಾಚುತ್ತದೆ, ಹೊರಗಿನ ವೃತ್ತಕ್ಕೆ ಅಳೆದಿದ್ದರೆ ಒಳಕ್ಕೆ ಚಾಚುತ್ತದೆ. ಮೊದಲನೆಯದರಲ್ಲಿ ವ್ಯಾಸಕ್ಕೆ ಪಟ್ಟಿಯ ಅಗಲವನ್ನು ಕೂಡಬೇಕು, ಎರಡನೆಯದರಲ್ಲಿ ಕಳೆಯಬೇಕು; ಬಂದುದನ್ನು ಅಗಲದಿಂದಲೂ 3ರಿಂದಲೂ ಗುಣಿಸಬೇಕು. ವ್ಯಾಸ 18, ಅಗಲ 3 ಇದ್ದಾಗ ಬಹಿಶ್ಚಕ್ರವಾಲದ ವ್ಯಾವಹಾರಿಕ ಫಲ 189, ಅಂತಶ್ಚಕ್ರವಾಲದ್ದು 135. 3ರ ಸ್ಥಾನದಲ್ಲಿ ವೃತ್ತಮಾನದ ನಿಜವಾದ ಬೆಲೆಯನ್ನಿಟ್ಟರೆ ಈ ಸೂತ್ರಗಳು ಸಂಪೂರ್ಣ ನಿರ್ದುಷ್ಟವಾಗಿವೆ. ಕೂಡುವ ಮತ್ತು ಕಳೆಯುವ ಎರಡು ಕೆಲಸಗಳಿಗೆ ಎರಡು ಹೆಸರುಗಳು ಬೇಕಾದವು, ಅಷ್ಟೆ.

ಚಕ್ರವಾಲಗಳಿಗೆ ಮೂಲಪಟ್ಟಿಯಲ್ಲಿಯೇ ಸ್ಥಾನ ದೊರೆತುದಕ್ಕೆ ಮತ್ತೊಂದು ಕಾರಣವನ್ನು ಜೈನರ ಲೋಕಸ್ವರೂಪ ವರ್ಣನೆಯಲ್ಲಿ ಕಾಣಬಹುದು. ಆ ವರ್ಣನೆಯಂತೆ ಮಧ್ಯದಲ್ಲಿ ಒಂದು ಲಕ್ಷ ಯೋಜನ ವ್ಯಾಸದ ದುಂಡಾದ ಜಂಬೂದ್ವೀಪ. ಅದನ್ನು ಬಳೆಯಂತೆ ಸುತ್ತುವರಿದ ಎರಡು ಲಕ್ಷ ಯೋಜನ ಅಗಲದ ಲವಣಸಮುದ್ರ. ಅದರಾಚೆಗೆ ನಾಲ್ಕು ಲಕ್ಷ ಯೋಜನದ ಧಾತಕೀಖಂಡ. ಹೀಗೆ ದ್ವೀಪಸಮುದ್ರಗಳ ಅಗಲ ಇಮ್ಮಡಿಯಾಗುತ್ತ ಸಾಗುತ್ತದೆ. ಇಲ್ಲಿ ಪ್ರತಿಯೊಂದು ಸಮುದ್ರವೂ ಒಂದು ಬಹಿಶ್ಚಕ್ರವಾಲ. ಮೇಲಿನ ಸೂತ್ರವನ್ನು ಬಳಸಿದರೆ ಲವಣಸಮುದ್ರವು ಜಂಬೂದ್ವೀಪದ 24ರಷ್ಟಾಗುತ್ತದೆ. ಜೈನಗ್ರಂಥಗಳು ಹೇಳುವ ಸಂಖ್ಯೆಯೂ ಅದೇ. ಆಗಮಗಳು ಹೇಳುವ ಐದು ಸಂಸ್ಥಾನಗಳಲ್ಲಿ ವೃತ್ತದೊಡನೆ ಪರಿಮಂಡಲವೆಂಬ ಪ್ರತ್ಯೇಕ ಆಕಾರವನ್ನು ಎಣಿಸಿದ್ದು, ಅದನ್ನು ಬಳೆಗೆ ಹೋಲಿಸುವ ವ್ಯಾಖ್ಯಾನವಿದೆ. ಆದುದರಿಂದ ಬಳೆಯ ಆಕಾರಕ್ಕೆ ಪ್ರತ್ಯೇಕ ಹೆಸರು ಕೊಡುವ ಸಂಪ್ರದಾಯ ಮಹಾವೀರಾಚಾರ್ಯನಿಗಿಂತ ಬಹಳ ಹಳೆಯದು.

ಕಂಬುಕವೃತ್ತದ ಪ್ರಕರಣ ಇನ್ನೂ ಸ್ವಾರಸ್ಯವಾದುದು. ಕಂಬು ಎಂದರೆ ಶಂಖ. ಶಂಖದ ಆಕೃತಿಗೆ ಎರಡು ಮಾನಗಳನ್ನು ಹೇಳಿದೆ: ಅತ್ಯಧಿಕ ಅಗಲವಾದ ವ್ಯಾಸ ಮತ್ತು ಮುಖ. ವ್ಯಾಸದಿಂದ ಮುಖದ ಅರ್ಧವನ್ನು ಕಳೆದು 3ರಿಂದ ಗುಣಿಸಿದರೆ ಪರಿಧಿ. ಪರಿಧಿಯ ಅರ್ಧದ ವರ್ಗದ ಮೂರನೆಯ ಒಂದು ಭಾಗಕ್ಕೆ ಮುಖದ ಅರ್ಧದ ವರ್ಗದ ಮುಕ್ಕಾಲು ಭಾಗವನ್ನು ಕೂಡಿದರೆ ಫಲ. ನಿಜವಾದ ಶಂಖವನ್ನು ಎದುರಿಗಿಟ್ಟುಕೊಂಡು ಈ ಸೂತ್ರವನ್ನು ಓದಿದರೆ ಏನೂ ತಿಳಿಯುವುದಿಲ್ಲ; ಮುಕ್ಕಾಲು ಭಾಗ ಎಲ್ಲಿಂದ ಬಂದಿತೆಂಬುದು ಒಗಟಾಗಿಯೇ ಉಳಿಯುತ್ತದೆ. ಆದರೆ ಒಂದು ಸರಳರೇಖೆಯ ಮೇಲೆ ಒಂದು ಬದಿಯಲ್ಲಿ ಪೂರ್ಣವ್ಯಾಸದ ಅರ್ಧವೃತ್ತವನ್ನೂ ಇನ್ನೊಂದು ಬದಿಯಲ್ಲಿ ವ್ಯಾಸದಿಂದ ಮುಖವನ್ನು ಕಳೆದು ಉಳಿದಷ್ಟು ವ್ಯಾಸದ ಅರ್ಧವೃತ್ತವನ್ನೂ ಒಂದು ತುದಿ ಕೂಡುವಂತೆ ಬರೆದರೆ ಒಗಟು ಬಿಡಿಸಿಕೊಳ್ಳುತ್ತದೆ. ಎರಡೂ ಬಾಗುಗಳು ಒಂದು ತುದಿಯಲ್ಲಿ ಸೇರುತ್ತವೆ, ಮತ್ತೊಂದು ತುದಿಯಲ್ಲಿ ಮುಖದಷ್ಟು ತೆರೆದುಕೊಳ್ಳುತ್ತವೆ. ಶಂಖದ ಬಾಯಿ ಕಾಣಿಸಿಕೊಳ್ಳುತ್ತದೆ.

ಗ್ರಂಥದ ಉದಾಹರಣೆಯಲ್ಲಿ ವ್ಯಾಸ 18 ಹಸ್ತ, ಮುಖ 4 ಹಸ್ತ. ಎರಡು ಅರ್ಧವೃತ್ತಗಳ ವ್ಯಾಸಗಳು 18 ಮತ್ತು 14. ಸೂತ್ರದಂತೆ ಪರಿಧಿ 48, ಫಲ 195. ಎರಡು ಅರ್ಧವೃತ್ತಗಳನ್ನು ಬೇರೆಬೇರೆಯಾಗಿ ಲೆಕ್ಕಹಾಕಿ ಕೂಡಿದರೂ ಇವೇ ಸಂಖ್ಯೆಗಳು ಬರುತ್ತವೆ. ಸೂಕ್ಷ್ಮದಲ್ಲಿ ಪರಿಧಿಯು 10ರ ವರ್ಗಮೂಲದ 16ರಷ್ಟು, ಫಲ 65ರಷ್ಟು. ಇಲ್ಲಿಯೂ ವೃತ್ತಮಾನವೊಂದನ್ನು ಬಿಟ್ಟರೆ ಯಾವ ದೋಷವೂ ಇಲ್ಲ. ಅಂದರೆ ಕಂಬುಕವೆಂಬ ಹೆಸರು ಶಂಖದ ವರ್ಣನೆಯಲ್ಲ. ಅದು ಎರಡು ಅಸಮಾನ ಅರ್ಧವೃತ್ತಗಳ ಜೋಡಣೆಗೆ ಇಟ್ಟ ಪಾರಿಭಾಷಿಕ ಸಂಜ್ಞೆ. ಲೋಕದ ವಸ್ತುವಿನಿಂದ ಹೆಸರನ್ನು ಪಡೆದು, ವಸ್ತುವನ್ನು ಅಲ್ಲಿಗೇ ಬಿಟ್ಟು, ಕರಾರುವಾಕ್ಕಾದ ಆಕೃತಿಯೊಂದನ್ನು ನಿರ್ಮಿಸಿಕೊಂಡ ಈ ಕ್ರಮ ಗಣಿತದ ದೃಷ್ಟಿಯಿಂದ ಪ್ರೌಢವಾದುದು.

ನಿಮ್ನ ಮತ್ತು ಉನ್ನತ ವೃತ್ತಗಳಿಗೆ ಬಂದರೆ ಇಷ್ಟು ಖಚಿತತೆ ಇಲ್ಲ. ನಿಮ್ನಕ್ಕೆ ಯಜ್ಞಸ್ಥಳದ ಕುಳಿಯಾದ ಚತ್ವಾಲವನ್ನೂ ಉನ್ನತಕ್ಕೆ ಆಮೆಯ ಬೆನ್ನನ್ನೂ ಹೋಲಿಕೆಯಾಗಿ ಕೊಡಲಾಗಿದೆ. ಜೈನ ಆಚಾರ್ಯನೊಬ್ಬನು ಯಜ್ಞದ ಕುಳಿಯನ್ನು ಉದಾಹರಣೆಯಾಗಿ ತೆಗೆದುಕೊಂಡಿರುವುದು, ಗಣಿತದ ಪರಿಭಾಷೆ ಮತಗಳ ಗಡಿಯನ್ನು ಗಣಿಸುತ್ತಿರಲಿಲ್ಲವೆಂಬುದನ್ನು ತೋರಿಸುತ್ತದೆ. ಎರಡಕ್ಕೂ ನಿಯಮ ಒಂದೇ, ಪರಿಧಿಯ ಕಾಲುಭಾಗವನ್ನು ವಿಷ್ಕಂಭದಿಂದ ಗುಣಿಸುವುದು. ಚತ್ವಾಲಕ್ಕೆ ವಿಷ್ಕಂಭ 27, ಪರಿಧಿ 56. ಆಮೆಯ ಬೆನ್ನಿಗೆ 15 ಮತ್ತು 36. ಈ ಸಂಖ್ಯೆಗಳನ್ನು ಸೂಕ್ಷ್ಮವಾಗಿ ನೋಡಬೇಕು. 36 ಪರಿಧಿಯುಳ್ಳ ಸಮವೃತ್ತದ ವ್ಯಾಸ ಸ್ಥೂಲಮಾನದಲ್ಲಿಯೂ 12ನ್ನು ಮೀರದು. ಇಲ್ಲಿ 15 ಎಂದಿರುವುದರಿಂದ ವಿಷ್ಕಂಭವನ್ನು ಬೆನ್ನಿನ ಉಬ್ಬಿನ ಮೇಲೆ ಹಗ್ಗ ಹಾಯಿಸಿ ಅಳೆಯಲಾಗಿದೆಯೆಂದು ಊಹಿಸಬೇಕಾಗುತ್ತದೆ. ಗೋಳದ ಖಂಡವೆಂದು ಭಾವಿಸಿ ಇಂದಿನ ರೀತಿಯಲ್ಲಿ ಲೆಕ್ಕಹಾಕಿದರೆ ಆಮೆಯ ಬೆನ್ನಿನ ಫಲ ಸುಮಾರು 155. ಸೂತ್ರವು ಕೊಡುವುದು 135. ಸಮತಲದ ನಿಯಮವನ್ನೇ ಬಾಗಿದ ಮೇಲ್ಮೈಗೂ ವಿಸ್ತರಿಸಿದುದರ ಫಲವಿದು. ‘ಸಮವೃತ್ತ’ ಎಂಬ ಹೆಸರಿನಲ್ಲಿರುವ ‘ಸಮ’ವು ತ್ರಿಭುಜದ ‘ಸಮ’ದಂತೆ ಬಾಹುಗಳ ಸಮಾನತೆಯನ್ನು ಹೇಳುವುದಲ್ಲ, ಮಟ್ಟಸವಾದುದು ಎಂಬ ಅರ್ಥದ್ದು ಎಂಬುದೂ ಈ ಎರಡರ ಎದುರಿಗೆ ಇಟ್ಟಾಗ ಸ್ಪಷ್ಟವಾಗುತ್ತದೆ.

ಉಳಿದಿರುವುದು ಆಯತವೃತ್ತ. ಅದನ್ನು ವಿಚಾರಿಸುವ ಮೊದಲು ಎಂಟರ ಹೊರಗಿರುವ ವಕ್ರಾಕೃತಿಗಳನ್ನು ನೋಡಬೇಕು. ಉಳಿದೆಲ್ಲವೂ ಹದಿನಾರರ ಪ್ರಭೇದಗಳೆಂದು ಹೇಳಿದರೂ ಮಹಾವೀರಾಚಾರ್ಯನು ಮುಂದೆ ಹಲವು ಆಕೃತಿಗಳನ್ನು ಯಾವ ಗುಂಪಿಗೂ ಸೇರಿಸದೆ ಅಳೆಯುತ್ತಾನೆ: ಬಿಲ್ಲಿನಂತಿರುವ ಧನುಸ್ಸು, ಜವೆಗೋಧಿಯ ಕಾಳಿನಂತಿರುವ ಯವ, ನಡು ಉಬ್ಬಿದ ಮುರಜ ಅಥವಾ ಮೃದಂಗ, ನಡು ಸಣ್ಣಗಾದ ಪಣವ, ನಡುವೆ ಬಿಂದುವಾಗಿ ಕೂಡುವ ವಜ್ರ, ಚಕ್ರದ ಅಂಚಿನಂತಿರುವ ನೇಮಿ, ಎಳೆಚಂದ್ರ, ಆನೆಯ ದಂತ. ಶಂಖ, ಆಮೆಗಳ ಜೊತೆಗೆ ಇವನ್ನೂ ಸೇರಿಸಿದರೆ ವಕ್ರಾಕೃತಿಗಳ ಪರಿಭಾಷೆಯೆಂದರೆ ಹೊಲ, ಮನೆ, ವಾದ್ಯಶಾಲೆ, ಆಯುಧಶಾಲೆಗಳ ವಸ್ತುಗಳ ಪಟ್ಟಿಯಂತೆಯೇ ತೋರುತ್ತದೆ. ಇಂತಹ ಹೆಸರುಗಳು ಮಹಾವೀರಾಚಾರ್ಯನ ಸ್ವಂತ ಸೃಷ್ಟಿಯಲ್ಲ. ಶ್ರೀಧರನ ಗ್ರಂಥದಲ್ಲಿಯೂ ಗಜದಂತ, ಬಾಲೇಂದು, ನೇಮಿ, ವಜ್ರಗಳಿವೆ; ಆದರೆ ಅಲ್ಲಿ ದಂತವನ್ನು ತ್ರಿಭುಜವೆಂದೂ ಎಳೆಚಂದ್ರನನ್ನು ಎರಡು ತ್ರಿಭುಜಗಳೆಂದೂ ನೇಮಿಯನ್ನು ಚತುರ್ಭುಜವೆಂದೂ ವಜ್ರವನ್ನು ಎರಡು ಚತುರ್ಭುಜಗಳೆಂದೂ ಭಾವಿಸಿ ಬಾಗನ್ನು ಲೆಕ್ಕದಿಂದಲೇ ತೆಗೆದುಹಾಕಲಾಗಿದೆ.

ಮಹಾವೀರಾಚಾರ್ಯನ ವ್ಯಾವಹಾರಿಕವೂ ಹಾಗೆಯೇ. ತುದಿಯ ಅಗಲವನ್ನೂ ನಡುವಿನ ಅಗಲವನ್ನೂ ಕೂಡಿ ಅರ್ಧಮಾಡಿ ಉದ್ದದಿಂದ ಗುಣಿಸಿದರೆ ಯವ, ಮುರಜ, ಪಣವ, ವಜ್ರಗಳ ಫಲ ಬರುತ್ತದೆ. ಇದು ವಾಸ್ತವವಾಗಿ ಸರಳರೇಖೆಯ ಅಂಚುಳ್ಳ ಆಕೃತಿಗಳ ನಿಯಮ. ಸೂಕ್ಷ್ಮಭಾಗದಲ್ಲಿ ಮಾತ್ರ ಬಾಗಿಗೆ ಮನ್ನಣೆ ದೊರೆಯುತ್ತದೆ. ಅಲ್ಲಿ ಮೃದಂಗವೆಂದರೆ ಉದ್ದವನ್ನು ಮುಖದಿಂದ ಗುಣಿಸಿದ ಆಯತ ಮತ್ತು ಅದರ ಎರಡೂ ಬದಿಗೆ ಅಂಟಿದ ಎರಡು ಬಿಲ್ಲುಗಳು. ಪಣವ ಮತ್ತು ವಜ್ರಗಳೆಂದರೆ ಅದೇ ಆಯತದಿಂದ ಎರಡು ಬಿಲ್ಲುಗಳನ್ನು ಕಳೆದುದು. 24 ಉದ್ದ, 8 ಮುಖ, 16 ನಡು ಇರುವ ಮೃದಂಗದಲ್ಲಿ ಆಯತದ ಫಲ 192. ಪ್ರತಿಯೊಂದು ಬಿಲ್ಲಿನ ಜ್ಯಾ 24, ಶರ 4. ಹೀಗೆ ನಾಲ್ಕು ಹೆಸರುಗಳ ಬೆನ್ನಿಗೆ ಬಿಲ್ಲು ಎಂಬ ಒಂದೇ ಮೂಲಘಟಕವಿದೆ. ಆದರೂ ಬಿಲ್ಲು ಎಂಟರ ಪಟ್ಟಿಯಲ್ಲಿಲ್ಲ. ಬಿಲ್ಲಿನ ಒಂದು ವಿಶೇಷ ಪ್ರಸಂಗವಾದ ಅರ್ಧವೃತ್ತ ಅಲ್ಲಿದೆ. ಸಾಮಾನ್ಯವನ್ನು ಹೊರಗಿಟ್ಟು ವಿಶೇಷವನ್ನು ಒಳಗಿಟ್ಟದ್ದಕ್ಕೆ ಕಾರಣವನ್ನು ಅಳತೆಯಲ್ಲಿಯೇ ಹುಡುಕಬೇಕು: ಅರ್ಧವೃತ್ತಕ್ಕೆ ವ್ಯಾಸವೊಂದೇ ಸಾಕು, ಬಿಲ್ಲಿಗೆ ಜ್ಯಾ ಮತ್ತು ಶರ ಎರಡೂ ಬೇಕು.

ಬಿಲ್ಲಿನ ಸೂಕ್ಷ್ಮನಿಯಮಗಳು ಎರಡು. ಶರದ ವರ್ಗದ ಆರರಷ್ಟಕ್ಕೆ ಜ್ಯಾದ ವರ್ಗವನ್ನು ಕೂಡಿ ವರ್ಗಮೂಲವನ್ನು ತೆಗೆದರೆ ಬಿಲ್ಲಿನ ಬಾಗು. ಈ ನಿಯಮ ಉಮಾಸ್ವಾತಿಯ ಭಾಷ್ಯದಲ್ಲಿಯೂ ಇದೆ. ಜ್ಯಾವನ್ನು ಶರದ ಕಾಲುಭಾಗದಿಂದಲೂ 10ರ ವರ್ಗಮೂಲದಿಂದಲೂ ಗುಣಿಸಿದರೆ ಫಲ. ಅರ್ಧವೃತ್ತಕ್ಕೆ ಅನ್ವಯಿಸಿ ನೋಡಿದರೆ ಎರಡೂ ಸೂತ್ರಗಳು ಸಮವೃತ್ತದ ಮಾನಕ್ಕೆ ಸರಿಯಾಗಿ ಹೊಂದಿಕೊಳ್ಳುತ್ತವೆ. ಜಂಬೂದ್ವೀಪದ ದಕ್ಷಿಣ ಅಂಚಿನಲ್ಲಿರುವ ಭರತಕ್ಷೇತ್ರ ಬಿಲ್ಲಿನ ಆಕಾರದ್ದೆಂದು ಜೈನರು ಹೇಳುವುದರಿಂದ ಈ ಲೆಕ್ಕ ಅವರಿಗೆ ಅನಿವಾರ್ಯವಾಗಿತ್ತು. ಚಾವುಂಡರಾಯನ ಗುರುವಾದ ನೇಮಿಚಂದ್ರನ ತ್ರಿಲೋಕಸಾರದಲ್ಲಿಯೂ ಬಿಲ್ಲಿನ ಲೆಕ್ಕಗಳು ಬರುತ್ತವೆ.

ನಿಯಮವನ್ನು ಯಾಂತ್ರಿಕವಾಗಿ ಅನುಸರಿಸಿದಾಗ ಏನಾಗುತ್ತದೆ ಎಂಬುದಕ್ಕೆ ನೇಮಿಯೇ ಉದಾಹರಣೆ. ನೇಮಿಯ ಹೊರಬಾಗು ಮತ್ತು ಒಳಬಾಗುಗಳನ್ನು ಕೂಡಿ ಅರ್ಧಮಾಡಿ ಅಗಲದಿಂದ ಗುಣಿಸುವುದು ವ್ಯಾವಹಾರಿಕ. ಅಳೆದ ಬಾಗುಗಳೇ ಕೈಯಲ್ಲಿರುವುದರಿಂದ ಇಲ್ಲಿ ವೃತ್ತಮಾನದ ಆವಶ್ಯಕತೆಯೇ ಇಲ್ಲ. ಏಕಕೇಂದ್ರೀಯ ಬಾಗುಗಳ ನೇಮಿಗೆ ಈ ‘ಸ್ಥೂಲ’ ನಿಯಮವು ಪೂರ್ತಿಯಾಗಿ ಸರಿ. ಆದರೆ ಸೂಕ್ಷ್ಮಭಾಗದಲ್ಲಿ ಆಚಾರ್ಯನು ಮೊತ್ತವನ್ನು 6ರಿಂದ ಭಾಗಿಸಿ 10ರ ವರ್ಗಮೂಲದಿಂದ ಗುಣಿಸಲು ಹೇಳುತ್ತಾನೆ. ಎಲ್ಲೆಡೆ 3ನ್ನು ತೆಗೆದು 10ರ ವರ್ಗಮೂಲವನ್ನು ಇಡುವ ಅಭ್ಯಾಸ ಇಲ್ಲಿಯೂ ಮುಂದುವರಿದು, ಸರಿಯಾಗಿದ್ದ ಫಲವು ನೂರಕ್ಕೆ ಐದರಷ್ಟು ಹೆಚ್ಚಿತು. ಸೂಕ್ಷ್ಮವೆಂಬ ಹೆಸರಿದ್ದರೂ ಇದು ಸ್ಥೂಲಕ್ಕಿಂತ ಸ್ಥೂಲ.

ಈಗ ಆಯತವೃತ್ತವನ್ನು ಪರಿಶೀಲಿಸಬಹುದು. ಹೆಸರಿಗೆ ನೀಳವಾದ ವೃತ್ತವೆಂದು ಅರ್ಥ. ರಂಗಾಚಾರ್ಯರು ಮೊದಲುಗೊಂಡು ವಿದ್ವಾಂಸರು ಇದನ್ನು ಇಂದಿನ ದೀರ್ಘವೃತ್ತವೆಂದು ಗ್ರಹಿಸಿದ್ದಾರೆ. ಗ್ರಂಥದಲ್ಲಿ ಆಕೃತಿಯ ಲಕ್ಷಣವನ್ನು ಹೇಳಿಲ್ಲ, ದೀರ್ಘ ಮತ್ತು ಹ್ರಸ್ವ ಎಂಬ ಎರಡು ವ್ಯಾಸಗಳನ್ನು ಮಾತ್ರ ಹೇಳಿದೆ. ಸೂಕ್ಷ್ಮನಿಯಮದಂತೆ ಹ್ರಸ್ವವ್ಯಾಸದ ವರ್ಗದ ಆರರಷ್ಟಕ್ಕೆ ದೀರ್ಘವ್ಯಾಸದ ಇಮ್ಮಡಿಯ ವರ್ಗವನ್ನು ಕೂಡಿ ವರ್ಗಮೂಲವನ್ನು ತೆಗೆದರೆ ಪರಿಧಿ. ಅದನ್ನು ಹ್ರಸ್ವವ್ಯಾಸದ ಕಾಲುಭಾಗದಿಂದ ಗುಣಿಸಿದರೆ ಫಲ. ಉದಾಹರಣೆಯಲ್ಲಿ ವ್ಯಾಸಗಳು 36 ಮತ್ತು 12. ಪರಿಧಿಯು 6048ರ ವರ್ಗಮೂಲ, ಅಂದರೆ 77.8ಕ್ಕೆ ಸ್ವಲ್ಪ ಕಡಿಮೆ. ದೀರ್ಘವೃತ್ತದ ನಿಜವಾದ ಪರಿಧಿ 80.2. ನೂರಕ್ಕೆ ಮೂರರಷ್ಟು ಅಂತರ. ಕ್ಷೇತ್ರಫಲದಲ್ಲಿ ಮಾತ್ರ ಸೂತ್ರವು 233ನ್ನು ಕೊಟ್ಟರೆ ನಿಜವಾದುದು 339. ಮೂರನೆಯ ಒಂದು ಭಾಗಕ್ಕೆ ಸಮೀಪವಾದಷ್ಟು ಕ್ಷೇತ್ರವೇ ಕಾಣೆಯಾಗಿದೆ.

ದೀರ್ಘವೃತ್ತದ ಪರಿಧಿ ಕಠಿಣವಾದ ಸಮಸ್ಯೆ. ಅದಕ್ಕೆ ಸರಳವಾದ ನಿಖರ ಸೂತ್ರವೇ ಇಲ್ಲ, ಶ್ರೀನಿವಾಸ ರಾಮಾನುಜನ್ ಸಹ 1914ರಲ್ಲಿ ಅದಕ್ಕೆ ಅಂದಾಜು ಸೂತ್ರಗಳನ್ನೇ ಕೊಟ್ಟರು. ಕ್ಷೇತ್ರಫಲ ಸುಲಭವಾದುದು, ಆರ್ಕಿಮಿಡೀಸನಿಗೆ ಅದು ತಿಳಿದಿತ್ತು. ಕಠಿಣವಾದುದರಲ್ಲಿ ಗೆದ್ದ ಮಹಾವೀರಾಚಾರ್ಯನು ಸುಲಭವಾದುದರಲ್ಲಿ ಸೋತಿದ್ದು ಹೇಗೆ? ಆರ್. ಸಿ. ಗುಪ್ತ ಅವರು 1974ರಲ್ಲಿ ಈ ಎರಡು ಸೂತ್ರಗಳನ್ನು ಕುರಿತು ಪ್ರತ್ಯೇಕ ಲೇಖನವನ್ನೇ ಬರೆದರು. ಪರಿಧಿಯ ಸೂತ್ರದ ಹುಟ್ಟು ಬಿಲ್ಲಿನಲ್ಲಿದೆಯೆಂದು ತೋರಿಸುವುದು ಕಷ್ಟವಲ್ಲ. ದೀರ್ಘವ್ಯಾಸವನ್ನು ಜ್ಯಾ ಎಂದೂ ಹ್ರಸ್ವವ್ಯಾಸದ ಅರ್ಧವನ್ನು ಶರವೆಂದೂ ಇಟ್ಟುಕೊಂಡು ಬಿಲ್ಲಿನ ಬಾಗನ್ನು ಇಮ್ಮಡಿಸಿದರೆ ಆಯತವೃತ್ತದ ಪರಿಧಿಸೂತ್ರ ಅಕ್ಷರಶಃ ಬರುತ್ತದೆ. ಎರಡು ಬಿಲ್ಲುಗಳನ್ನು ಜ್ಯಾದ ಮೇಲೆ ಎದುರುಬದುರಾಗಿ ಜೋಡಿಸಿದ ಆಕೃತಿಯೇ ಇದು. ಎರಡು ಬಿಲ್ಲುಗಳ ಫಲವನ್ನೂ ಹಾಗೆಯೇ ಕೂಡಿದ್ದರೆ 10ರ ವರ್ಗಮೂಲದ 108ರಷ್ಟು, ಅಂದರೆ 341.5 ಬರುತ್ತಿತ್ತು. ನಿಜವಾದ ಫಲಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ.

ಈ ದಾರಿ ಆಚಾರ್ಯನಿಗೆ ತಿಳಿಯದೆ ಇರಲಿಲ್ಲ. ಅದೇ ಸೂಕ್ಷ್ಮಭಾಗದಲ್ಲಿ ಕೆಲವೇ ಪದ್ಯಗಳ ಅನಂತರ ಯವಾಕೃತಿಗೂ ಧನುಸ್ಸಿಗೂ ಒಂದೇ ಪದ್ಯದಲ್ಲಿ ಆತನು ಸಮಾನ ನಿಯಮವನ್ನು ಹೇಳುತ್ತಾನೆ. ಯವದ ಉದಾಹರಣೆಯಲ್ಲಿ ಉದ್ದ 12 ದಂಡ, ಎರಡೂ ತುದಿಗಳು ಸೂಜಿಯಂತೆ ಚೂಪು, ನಡುವಿನ ಅಗಲ 4 ದಂಡ. ಫಲ 10ರ ವರ್ಗಮೂಲದ 12ರಷ್ಟು. ಉದ್ದ ಮತ್ತು ಅಗಲಗಳ ಪ್ರಮಾಣವನ್ನು ನೋಡಿದರೆ 12ಕ್ಕೆ 4 ಎಂಬುದು 36ಕ್ಕೆ 12 ಎಂಬುದೇ ಆಗಿದೆ! ಯವವನ್ನು ಮೂರರಷ್ಟು ಹಿಗ್ಗಿಸಿದರೆ ಅದರ ಉದ್ದಗಲಗಳು ಆಯತವೃತ್ತದ ವ್ಯಾಸಗಳೇ ಆಗುತ್ತವೆ. ಹಿಗ್ಗಿಸಿದ ಯವದ ಫಲ 341.5; ಅಷ್ಟೇ ಉದ್ದಗಲಗಳ ಆಯತವೃತ್ತದ ಫಲ 233. ತುದಿ ಚೂಪಾದ ಕಾಳು ಅದೇ ಅಳತೆಯ ತುದಿ ದುಂಡಾದ ವೃತ್ತದೊಳಗೆ ಅಡಗಬೇಕಾದುದು ನ್ಯಾಯ. ಗ್ರಂಥದ ಲೆಕ್ಕದಲ್ಲಿ ಕಾಳು ವೃತ್ತಕ್ಕಿಂತ ಬಹಳ ದೊಡ್ಡದು.

ಸಂಖ್ಯೆಗಳನ್ನು ಇನ್ನಷ್ಟು ಪರೀಕ್ಷಿಸಿದರೆ ವಿಪರ್ಯಾಸ ಪೂರ್ಣವಾಗುತ್ತದೆ. ಎರಡು ವೃತ್ತಖಂಡಗಳಿಂದಾದ, 12 ಉದ್ದ 4 ಅಗಲದ ನಿಜವಾದ ಯವದ ಫಲ 32.7, ಯವದ ಸೂತ್ರ ಕೊಡುವುದು 37.9, ಅದೇ ಅಳತೆಯ ದೀರ್ಘವೃತ್ತದ ಫಲ 37.7. ಯವದ ನಿಜವಾದ ಸುತ್ತಳತೆ 25.7, ಆಯತವೃತ್ತದ ಪರಿಧಿಸೂತ್ರ ಕೊಡುವುದು 25.9, ದೀರ್ಘವೃತ್ತದ ಪರಿಧಿ 26.7. ಅಂದರೆ ಯವದ ಹೆಸರಿನಲ್ಲಿರುವ ಫಲಸೂತ್ರ ದೀರ್ಘವೃತ್ತಕ್ಕೆ ಒಪ್ಪುತ್ತದೆ, ಆಯತವೃತ್ತದ ಹೆಸರಿನಲ್ಲಿರುವ ಪರಿಧಿಸೂತ್ರ ಯವಕ್ಕೆ ಒಪ್ಪುತ್ತದೆ.

ಇದಕ್ಕೆ ಕಾರಣ ಗಣಿತಶಕ್ತಿಯ ಕೊರತೆಯಲ್ಲ, ವರ್ಗೀಕರಣವೇ. ಆಯತವೃತ್ತಕ್ಕೆ ‘ವೃತ್ತ’ವೆಂಬ ಹೆಸರು ದೊರೆತೊಡನೆ ಎಂಟನ್ನೂ ಬಂಧಿಸಿರುವ ‘ಪರಿಧಿ ಗುಣಿಸು ವ್ಯಾಸದ ಕಾಲು’ ಎಂಬ ನಿಯಮ ಅದಕ್ಕೂ ಅಂಟಿಕೊಂಡಿತು. ವೃತ್ತದಲ್ಲಿ ಈ ನಿಯಮ ಸರಿಯಾಗುವುದು ಕೇಂದ್ರದಿಂದ ಪರಿಧಿಯ ಎಲ್ಲ ಬಿಂದುಗಳೂ ಸಮದೂರದಲ್ಲಿರುವುದರಿಂದ. ಪರಿಧಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು ಕೇಂದ್ರಕ್ಕೆ ಜೋಡಿಸಿದರೆ ಎಲ್ಲ ತ್ರಿಭುಜಗಳ ಎತ್ತರವೂ ಒಂದೇ. ನೀಳವಾದ ವೃತ್ತದಲ್ಲಿ ಹ್ರಸ್ವವ್ಯಾಸದ ಅರ್ಧವೆಂಬುದು ಆ ಎತ್ತರಗಳಲ್ಲೆಲ್ಲ ಕನಿಷ್ಠವಾದುದು. ಆದುದರಿಂದ ಫಲ ಕಡಿಮೆಯಾಗುವುದು ನಿಶ್ಚಿತ, ಆಕೃತಿ ನೀಳವಾದಷ್ಟೂ ಕೊರತೆ ಹೆಚ್ಚುತ್ತದೆ. ಯವಕ್ಕೆ ‘ವೃತ್ತ’ವೆಂಬ ಪಟ್ಟ ಸಿಕ್ಕಿರಲಿಲ್ಲ, ಅದು ಬಿಲ್ಲಿನ ಬಂಧುವಾಗಿಯೇ ಉಳಿದು, ಬಿಲ್ಲಿನ ನಿಯಮವನ್ನು ಪಡೆಯಿತು. ಚಕ್ರವಾಲ, ಕಂಬುಕಗಳಲ್ಲಿ ನಿಖರವಾದ ಫಲವನ್ನು ಕೊಟ್ಟ ವರ್ಗೀಕರಣದ ತತ್ತ್ವವೇ ಇಲ್ಲಿ ದಾರಿ ತಪ್ಪಿಸಿತು. ಮಹಾವೀರಾಚಾರ್ಯನಿಗೆ ದೀರ್ಘವೃತ್ತದ ಫಲ ತಿಳಿದಿರಲಿಲ್ಲವೆಂದು ಗಣಿತದ ಇತಿಹಾಸಗಳಲ್ಲಿ ಬರೆಯುವುದು ಅರ್ಧಸತ್ಯ. ಆ ಫಲವನ್ನು ಕೊಡುವ ಸೂತ್ರ ಅವನ ಗ್ರಂಥದಲ್ಲಿಯೇ ಇದೆ, ಬೇರೆ ಹೆಸರಿನ ಕೆಳಗೆ.

ಅನಂತರದ ಗ್ರಂಥಕಾರರು ಈ ಎಂಟರ ಪಟ್ಟಿಯನ್ನು ಹಾಗೆಯೇ ಮುಂದುವರಿಸಲಿಲ್ಲ. ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ (1150) ಆಯತವೃತ್ತವಾಗಲಿ ಕಂಬುಕವಾಗಲಿ ಇಲ್ಲ. ಅಲ್ಲಿ ವೃತ್ತ, ಗೋಳ ಮತ್ತು ಜ್ಯಾ-ಶರಗಳ ಸಂಬಂಧಗಳಿಗೆ ಗಮನ ಕೇಂದ್ರೀಕೃತವಾಗಿದೆ. ಜ್ಯಾ, ಶರ, ವ್ಯಾಸಗಳ ಸಂಬಂಧವನ್ನು ಕರ್ಣದ ನಿಯಮದಿಂದ ನಿಖರವಾಗಿ ಹೇಳಲಾಗಿದೆ. ಹೆಸರುಗಳು ಕಡಿಮೆಯಾದವು, ಸಂಬಂಧಗಳು ಬಿಗಿಯಾದವು. ಕನ್ನಡದಲ್ಲಿ 12ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತದೊಡನೆ ಕ್ಷೇತ್ರಗಣಿತವನ್ನೂ ರಚಿಸಿ ಈ ಶಾಸ್ತ್ರವನ್ನು ದೇಸಿಗೆ ತಂದನು.

ಈ ಹೆಸರುಗಳ ಮುಂದಿನ ಗತಿ ವಿಭಿನ್ನವಾಗಿದೆ. ಇಂದಿನ ಕನ್ನಡ ಪಠ್ಯಪುಸ್ತಕಗಳಲ್ಲಿ ವೃತ್ತ, ಅರ್ಧವೃತ್ತ, ವ್ಯಾಸ, ಪರಿಧಿ, ಜ್ಯಾಗಳು ಉಳಿದಿವೆ. ಬಿಲ್ಲಿನ ಬಾಗಿಗೆ ಕಂಸವೆಂಬ ಶಬ್ದ ಬಂದಿದೆ, ಶರವು ಬಳಕೆಯಿಂದ ಮರೆಯಾಗಿದೆ. ಬಿಲ್ಲು ಬಾಣಗಳ ಕುಟುಂಬದಲ್ಲಿ ಹಗ್ಗವೊಂದೇ ಉಳಿದಂತಾಗಿದೆ. ತ್ರಿಜ್ಯವೆಂಬ ಶಬ್ದದಲ್ಲಿಯೂ ಅಡಗಿರುವುದು ಆ ಹಗ್ಗವೇ, ಮೂರು ರಾಶಿಗಳ ಅಂದರೆ 90 ಅಂಶಗಳ ಜ್ಯಾ ಎಂಬ ಖಗೋಳಶಾಸ್ತ್ರದ ಅರ್ಥದಲ್ಲಿ. ನಿಮ್ನವು ರೇಖಾಗಣಿತವನ್ನು ಬಿಟ್ಟು ಭೌತವಿಜ್ಞಾನದ ಮಸೂರಗಳಿಗೆ ಹೋಯಿತು, ಆದರೆ ಅಲ್ಲಿ ಅದರ ಜೊತೆಗಾರ ಉನ್ನತವಲ್ಲ, ಪೀನ. ಆಯತವೃತ್ತದ ಸ್ಥಾನದಲ್ಲಿ ದೀರ್ಘವೃತ್ತ ನಿಂತಿತು. ಎರಡೂ ಹೆಸರುಗಳ ಅರ್ಥ ಒಂದೇ ಆಗಿದ್ದರೂ ಬದಲಾವಣೆ ಅನುಕೂಲಕರವೇ ಆಯಿತೆನ್ನಬೇಕು. ಸಂಸ್ಕೃತದಲ್ಲಿ ನೀಳವಾದುದು ಎಂಬ ವಿಶೇಷಣವಾಗಿದ್ದ ‘ಆಯತ’ವು ಆಯತಚತುರಶ್ರದ ಸಂಕ್ಷೇಪವಾಗಿ ಬಳಕೆಯಾಗುತ್ತ, ಕನ್ನಡದಲ್ಲಿ ಒಂದು ಚತುರ್ಭುಜದ ಹೆಸರಾಗಿಯೇ ನಿಂತುಬಿಟ್ಟಿದೆ. ಗಣಿತಸಾರಸಂಗ್ರಹವನ್ನು ಇಂದು ಓದುವ ವಿದ್ಯಾರ್ಥಿಗೆ ‘ಆಯತವೃತ್ತ’ವೆಂಬುದು ನಾಲ್ಕು ಮೂಲೆಗಳುಳ್ಳ ವೃತ್ತವೆಂಬಂತೆ ಕೇಳಿಸುತ್ತದೆ, ಅನುವಾದಕರು ಈ ಸ್ಥಳದಲ್ಲಿ ಒಂದು ಟಿಪ್ಪಣಿಯನ್ನು ಬರೆಯಲೇಬೇಕಾಗುತ್ತದೆ.